ಪೇಟೆಂಟ್ ಆಫೀಸಿನ ಪುಕ್ಕಟೆ ಬೀಜ

ಅಮೆರಿಕದ ಪೇಟೆಂಟ್ ಆಫೀಸು ಒಂದು ಕಾಲದಲ್ಲಿ ಜನರಿಗೆ ಬೀಜ ಹಂಚುತ್ತಿತ್ತು. ಅದೂ ಪುಕ್ಕಟೆ, ಅಂಚೆಯಲ್ಲಿ, ಮನೆ ಬಾಗಿಲಿಗೆ.

ತಮಾಷೆ ಅಲ್ಲ. 1830ರ ದಶಕದಲ್ಲಿ ಆ ಆಫೀಸಿನ ಮುಖ್ಯಸ್ಥನಾಗಿದ್ದ ಹೆನ್ರಿ ಎಲ್ಸ್‌ವರ್ತ್ ಎಂಬಾತನಿಗೆ ಬೇಸಾಯದ ಹುಚ್ಚು. ಬೇರೆ ಬೇರೆ ದೇಶಗಳಲ್ಲಿದ್ದ ರಾಯಭಾರಿಗಳು, ನೌಕಾಪಡೆಯ ಅಧಿಕಾರಿಗಳು ಕಳಿಸಿದ ಬೀಜಗಳನ್ನು ರೈತರಿಗೆ ಹಂಚೋಕೆ ಶುರು ಮಾಡಿದ. ಸಂಸದರಿಗೆ ಅಂಚೆ ಖರ್ಚು ಇರಲಿಲ್ಲ, ಆ ಸೌಲಭ್ಯವನ್ನೇ ಬಳಸಿಕೊಂಡ. 1839ರಲ್ಲಿ ಅಲ್ಲಿನ ಸಂಸತ್ತು ಬೀಜ ಸಂಗ್ರಹ ಮತ್ತು ಕೃಷಿ ಅಂಕಿಅಂಶಕ್ಕೆಂದು 1000 ಡಾಲರ್ ಕೊಟ್ಟಿತು. 1862ರಲ್ಲಿ ಕೃಷಿ ಇಲಾಖೆ ಹುಟ್ಟಿದ ಮೇಲೆ ಹಂಚಿಕೆಯ ಕೆಲಸ ಅಲ್ಲಿಗೆ ಹೋಯಿತು. ಶತಮಾನದ ಕೊನೆಯ ಹೊತ್ತಿಗೆ ವರ್ಷಕ್ಕೆ ಕೋಟಿಗಟ್ಟಲೆ ಪೊಟ್ಟಣಗಳು. ಸಂಸದರು ತಂತಮ್ಮ ಮತದಾರರಿಗೆ ಕಳಿಸುತ್ತಿದ್ದ ಆ ಪೊಟ್ಟಣಗಳಲ್ಲಿ ಮೂಲಂಗಿ, ಈರುಳ್ಳಿ, ಬೀಟ್‌ರೂಟ್ ಜೊತೆ ಲೆಟ್ಯೂಸ್ ಬೀಜವೂ ಇರುತ್ತಿತ್ತು. ನಮ್ಮಲ್ಲಿ ಎಲೆಕ್ಷನ್ ಟೈಮಿಗೆ ಕುಕ್ಕರ್, ಸೀರೆ ಬರುವಂತೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಕುಕ್ಕರ್ ಮರಿ ಹಾಕಲ್ಲ.

ಇವತ್ತು ಅದೇ ಪೇಟೆಂಟ್ ಆಫೀಸು ಲೆಟ್ಯೂಸ್ ಗಿಡಗಳಿಗೆ ಪೇಟೆಂಟ್ ಕೊಡುತ್ತದೆ. ಪೇಟೆಂಟ್ ಇರುವ ತಳಿಯ ಬೀಜವನ್ನು ನೀವು ಮನೆಯಲ್ಲಿ ಹಿಡಿದಿಟ್ಟು ಮತ್ತೆ ಬಿತ್ತಿದರೆ ಅಲ್ಲಿನ ಕಾನೂನಿನ ಪ್ರಕಾರ ಅದು ಉಲ್ಲಂಘನೆ. ಈ ಎರಡು ತುದಿಗಳ ನಡುವೆ ಏನಾಯಿತು ಅನ್ನೋದೇ ಈ ಬರಹ. ಹಗಲೆಲ್ಲ ಲೈಸೆನ್ಸ್ ಫೈಲುಗಳಿರುವ ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಈ ಕಥೆ ಯಾಕೆ ಅಂಟಿಕೊಂಡಿತು ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಗಿಡದ ಮಾತು. ನಾನು ಹಾವೇರಿ ಜಿಲ್ಲೆಯವನು. ನಮ್ಮ ಕಡೆ ಊಟಕ್ಕೆ ಕೂತರೆ ರೊಟ್ಟಿ ಪಕ್ಕದಲ್ಲಿ ಹಸಿ ಮೆಂತ್ಯೆ ಸೊಪ್ಪು, ಈರುಳ್ಳಿ ತಪ್ಪಲು, ಮೂಲಂಗಿ, ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ. ಸಲಾಡ್ ಅನ್ನೋ ಪದ ಗೊತ್ತಾಗುವ ಮೊದಲೇ ದಿನಾ ಸಲಾಡ್ ತಿಂದು ಬೆಳೆದವರು ನಾವು. ಹಕ್ಕರಕಿ ಚಿವುಟಿದರೆ ಬಿಳಿ ಹಾಲು ಬರುತ್ತದೆ, ಬಾಯಲ್ಲಿ ಸಣ್ಣ ಕಹಿ. ಬೆಂಗಳೂರಿಗೆ ಬಂದು ಬಾಲ್ಕನಿಯ ಕುಂಡದಲ್ಲಿ ಲೆಟ್ಯೂಸ್ ಬೆಳೆಸಿ ಮೊದಲ ಸಲ ಎಲೆ ಕಿತ್ತಾಗ ಅದೇ ಹಾಲು, ಅದೇ ಕಹಿ. ಎರಡೂ ಒಂದೇ ಕುಟುಂಬದವು, ಸೂರ್ಯಕಾಂತಿ, ಸೇವಂತಿಗೆಗಳ ಬಳಗ. ರೋಮನ್ನರು ಲೆಟ್ಯೂಸಿಗೆ ಲಕ್ಟೂಕಾ ಅಂತ ಹೆಸರಿಟ್ಟಿದ್ದೂ ಹಾಲಿನಿಂದಲೇ, ಅವರ ಭಾಷೆಯಲ್ಲಿ ಲಾಕ್ ಅಂದರೆ ಹಾಲು.

ಕಿತ್ತು ತಿನ್ನದೆ ಬಿಟ್ಟರೆ ಲೆಟ್ಯೂಸ್ ಒಂದು ದಿನ ನಡುವಿನಿಂದ ದಂಟು ಎಬ್ಬಿಸುತ್ತದೆ. ಎಲೆ ವಿಪರೀತ ಕಹಿ. ಬಹಳ ಜನ ಗಿಡ ಕೆಟ್ಟುಹೋಯಿತು ಅಂತ ಆಗಲೇ ಕಿತ್ತು ಎಸೆಯುತ್ತಾರೆ. ಅವ್ವ ಬೆಂಗಳೂರಿಗೆ ಬಂದಿದ್ದಾಗ ನನ್ನ ಗಿಡ ಆ ಸ್ಥಿತಿಯಲ್ಲಿತ್ತು. ಲೆಟ್ಯೂಸನ್ನು ಆಕೆ ಅದಕ್ಕೂ ಮೊದಲು ನೋಡಿರಲಿಲ್ಲ. ಸುಮ್ಮನೆ ಒಂದು ಸುತ್ತು ನೋಡಿ, "ಬೀಜಕ್ಕ ಬಿಟ್ಟೀಯೇನ ತಮ್ಮಾ? ಇದನ್ನ ಬ್ಯಾಡ, ಇದು ಭಾಳ ಗಡಬಡಿ ಮಾಡೇತಿ. ಆ ಕಡೀದ ನಿಂತೈತೆಲ್ಲ, ಅದನ್ನ ಬಿಡು" ಅಂದಳು.

ಅದು ತಳಿ ವಿಜ್ಞಾನದ ಪುಸ್ತಕಗಳಲ್ಲಿ ಇರುವ ಮಾತೇ. ಎಲ್ಲಕ್ಕಿಂತ ಮೊದಲು ಹೂವಿಗೆ ಬಂದ ಗಿಡದ ಬೀಜ ಹಿಡಿದರೆ ಮುಂದಿನ ಸಲ ಎಲ್ಲವೂ ಬೇಗ ಹೂವಿಗೆ ಹೋಗುತ್ತವೆ. ಸೊಪ್ಪು ತಿನ್ನುವವರಿಗೆ ಬೇಕಾದ್ದು ತಡವಾಗಿ ಹೂ ಬಿಡುವ ಗಿಡ. ಧಾನ್ಯಕ್ಕೆ ಬೇರೆ ಲೆಕ್ಕ, ಸೊಪ್ಪಿಗೆ ಬೇರೆ ಲೆಕ್ಕ. ಹರಿವೆ, ಕೊತ್ತಂಬರಿ, ರಾಜಗಿರಿ ಎಲ್ಲದರಲ್ಲೂ ಅವ್ವ ಮಾಡಿಕೊಂಡು ಬಂದದ್ದು ಇದನ್ನೇ.

ಬೀಜ ಹಿಡಿಯುವ ಮಟ್ಟಿಗೆ ಲೆಟ್ಯೂಸ್‌ಗಿಂತ ಸಲೀಸಾದ ಗಿಡ ಕಡಿಮೆ. ಅದರ ಹಳದಿ ಹೂವು ಬೆಳಿಗ್ಗೆ ಕೆಲವೇ ಗಂಟೆ ಅರಳುತ್ತದೆ. ನಾವು ಒಂದು ಹೂ ಅನ್ನೋದು ನಿಜಕ್ಕೂ 15-20 ಪುಟ್ಟ ಹೂಗಳ ಗೊಂಚಲು. ಪ್ರತಿ ಪುಟ್ಟ ಹೂವಿನಲ್ಲೂ ಪರಾಗದ ಚೀಲಗಳು ಕೂಡಿಕೊಂಡು ಒಂದು ಕೊಳವೆ ಆಗಿರುತ್ತವೆ. ಹೆಣ್ಣು ಭಾಗ ಆ ಕೊಳವೆಯೊಳಗಿಂದ ಮೇಲೆ ಬರುವಾಗಲೇ ಮೈಗೆಲ್ಲ ಪರಾಗ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಮದುವೆ ಮುಗೀತು. ಜೇನು ಬರಬೇಕಿಲ್ಲ, ಗಾಳಿ ಬೀಸಬೇಕಿಲ್ಲ. ಹಾಗಾಗಿ ಅಪ್ಪ-ಅಮ್ಮ-ಮಗು ಮೂರೂ ಹೆಚ್ಚುಕಡಿಮೆ ಒಂದೇ. ಬೇರೆ ತಳಿಯ ಜೊತೆ ಬೆರಕೆ ಆಗುವುದು ನೂರಕ್ಕೆ ಒಂದೋ ಎರಡೋ, ಹೆಚ್ಚೆಂದರೆ ಐದು. ಎರಡು ತಳಿಗಳ ನಡುವೆ 10-15 ಅಡಿ ಬಿಟ್ಟರೆ ಸಾಕು. (ಅರುಗುಲಾ ಹೀಗಲ್ಲ. ಅದಕ್ಕೆ ಜೇನು ಬೇಕು, ಜೊತೆಗೆ ನಾಲ್ಕಾರು ಗಿಡ ಬೇಕು. ಒಂಟಿ ಗಿಡದಿಂದ ಬೀಜ ಸಿಗೋದು ಕಷ್ಟ.)

ಹೂ ಬಿಟ್ಟು ಎರಡು ಮೂರು ವಾರಕ್ಕೆ ತುದಿಯಲ್ಲಿ ಹತ್ತಿಯಂಥ ಬಿಳಿ ಕೂದಲು ಕಾಣುತ್ತದೆ. ಎಲ್ಲ ಒಟ್ಟಿಗೆ ಮಾಗುವುದಿಲ್ಲ. ಕಾಗದದ ಚೀಲದೊಳಗೆ ಗೊಂಚಲು ಬಗ್ಗಿಸಿ ಎರಡು ದಿನಕ್ಕೊಮ್ಮೆ ಕೊಡವಿಕೊಳ್ಳಬೇಕು. ಆಮೇಲೆ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಮುಗೀತು. ಮೊರ ಇಲ್ಲದವರು ಊಟದ ತಟ್ಟೆಯಲ್ಲಿ ಹಾಕಿ ಮೆಲ್ಲಗೆ ಊದಿ, ಫ್ಯಾನ್ ಮಾತ್ರ ಆಫ್ ಮಾಡಿಕೊಳ್ಳಿ. ಒಂದು ಗ್ರಾಮಿಗೆ 800-1000 ಬೀಜ. ಒಂದೇ ಗಿಡದಿಂದ ನಿಮ್ಮ ಇಡೀ ಅಪಾರ್ಟ್‌ಮೆಂಟಿಗೆ ಆಗಿ ಉಳಿಯುವಷ್ಟು.

ಈಗ ಹಿಂದಕ್ಕೆ ಹೋಗೋಣ, ತುಂಬಾ ಹಿಂದಕ್ಕೆ. 2021ರಲ್ಲಿ ಚೀನಾ ಮತ್ತು ನೆದರ್‌ಲ್ಯಾಂಡ್ಸ್ ವಿಜ್ಞಾನಿಗಳು 445 ಲೆಟ್ಯೂಸ್ ಮತ್ತು ಕಾಡು ಲೆಟ್ಯೂಸ್ ಮಾದರಿಗಳ ಜೀನೋಮ್ ಓದಿದರು. ಅವರ ಲೆಕ್ಕದಲ್ಲಿ ಲೆಟ್ಯೂಸ್ ಮನುಷ್ಯನ ಕೈಗೆ ಪಳಗಿದ್ದು ಸುಮಾರು 6000 ವರ್ಷಗಳ ಹಿಂದೆ, ಕಾಕಸಸ್ ಪರ್ವತಗಳ ಆಸುಪಾಸಿನಲ್ಲಿ. ನನಗೆ ಮುಖ್ಯ ಅನ್ನಿಸಿದ್ದು ಜಾಗ ಅಲ್ಲ. ಪಳಗಿದ್ದಕ್ಕೆ ಮೊದಲ ಗುರುತು ಏನು ಅಂತ ಅವರು ಹೇಳಿದ್ದು: ಬೀಜ ಉದುರದಿರುವುದು.

ಯೋಚಿಸಿ ನೋಡಿ. ಕಾಡು ಲೆಟ್ಯೂಸ್ ಬೀಜ ಮಾಗಿದ ಕೂಡಲೇ ಗಾಳಿಗೆ ಹಾರಿಬಿಡುತ್ತದೆ, ನಮ್ಮ ಹಕ್ಕರಕಿಯ ಹಾಗೇ. ಹಕ್ಕರಕಿಗೆ ಯಾರೂ ಬೀಜ ಹಿಡಿಯಲ್ಲ, ಅದರ ಸಂಸಾರ ಅದೇ ನೋಡಿಕೊಳ್ಳುತ್ತೆ. ಆದರೆ ಎಲ್ಲೋ ಕೆಲವು ಗಿಡಗಳಲ್ಲಿ ಬೀಜ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಸಂಗ್ರಹಿಸಲು ಬಂದವರ ಕೈಗೆ ಸಿಗೋದು ಅಂಥವೇ, ಮುಂದಿನ ವರ್ಷ ಬಿತ್ತುವುದೂ ಅವನ್ನೇ. ಹೀಗೆ ನೂರಾರು ತಲೆಮಾರು. ಅಂದರೆ ನಾವು ತಿನ್ನೋ ಲೆಟ್ಯೂಸನ್ನು ತಯಾರಿಸಿದ್ದೇ ಬೀಜ ಹಿಡಿಯುವ ಕೆಲಸ. ಎಲೆ ಆಮೇಲೆ ಬಂತು. ಮೊದಮೊದಲು ಜನ ಇದನ್ನು ಬೆಳೆದದ್ದು ಬೀಜದ ಎಣ್ಣೆಗೆ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಈಜಿಪ್ಟಿನ ಕರ್ನಾಕ್‌ನಲ್ಲಿ ಸುಮಾರು 4000 ವರ್ಷ ಹಳೆಯ ಶ್ವೇತ ಮಂದಿರ ಇದೆ. ಅಲ್ಲಿ ಮಿನ್ ಎಂಬ ಫಲವಂತಿಕೆಯ ದೇವರ ಹಿಂದೆ ಉದ್ದುದ್ದ ಲೆಟ್ಯೂಸ್ ಗಿಡಗಳನ್ನು ಕೆತ್ತಿದ್ದಾರೆ. ಹಾಲು ಒಸರುವ ಗಿಡ ಫಲವಂತಿಕೆಯ ದೇವರಿಗೆ ಪ್ರಿಯ ಆಗದೆ ಇನ್ನೇನು. ರೋಮಿನ ಚಕ್ರವರ್ತಿ ಆಗಸ್ಟಸ್‌ನ ಕಾಯಿಲೆಯನ್ನು ಅವನ ವೈದ್ಯ ಲೆಟ್ಯೂಸ್ ತಿನ್ನಿಸಿ ವಾಸಿ ಮಾಡಿದ ಅಂತ ಪ್ಲಿನಿ ಬರೆದಿದ್ದಾನೆ. ಇರಲಿ.

ಇಲ್ಲಿ ಒಂದು ಸಣ್ಣ ಸುತ್ತು ಹಾಕುತ್ತೇನೆ, ಎಂಜಿನಿಯರುಗಳಿಗೆ ಇಷ್ಟ ಆಗುತ್ತೆ. ಲೆಟ್ಯೂಸ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ನೆನೆಸಿದ ಲೆಟ್ಯೂಸ್ ಬೀಜಗಳಿಗೆ ಒಮ್ಮೆ ಕೆಂಪು ಬೆಳಕು, ಒಮ್ಮೆ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕು ಹಾಯಿಸಿದರು. ಕೆಂಪು ಬಿದ್ದರೆ ಮೊಳಕೆ, ಕಡುಗೆಂಪು ಬಿದ್ದರೆ ಇಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಲೆಕ್ಕಕ್ಕೆ ಬರುವುದು ಕೊನೆಯ ಸಲದ್ದು ಮಾತ್ರ. ಆ ಕಡ್ಡಿಯಷ್ಟು ಬೀಜದೊಳಗೆ ಒಂದು ಬಿಟ್ ಇದೆ, ಕೊನೆಗೆ ಬರೆದದ್ದೇ ಅದರ ಬೆಲೆ. ಬೇರೆ ಗಿಡದ ನೆರಳಿನಲ್ಲಿ ಬಿದ್ದ ಬೀಜಕ್ಕೆ ಕೆಂಪು ಬೆಳಕು ಕಡಿಮೆ ಸಿಗುತ್ತದೆ, ಕಡುಗೆಂಪು ಎಲೆ ದಾಟಿ ಬರುತ್ತದೆ. ಈಗ ಬೇಡ, ಮೇಲೆ ಯಾರೋ ಇದ್ದಾರೆ ಅಂತ ಅದು ಮಲಗುತ್ತದೆ. ಹಾಗಾಗಿ ಲೆಟ್ಯೂಸ್ ಬೀಜವನ್ನು ಆಳಕ್ಕೆ ಹೂಳಬೇಡಿ, ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು.

ಪುಕ್ಕಟೆ ಬೀಜದ ಕಥೆಗೆ ಬರೋಣ. ಸರ್ಕಾರ ಬೀಜ ಹಂಚುತ್ತಿದ್ದರೆ ವ್ಯಾಪಾರಿಗಳಿಗೆ ಏನು ಲಾಭ? 1883ರಲ್ಲಿ ಅಮೆರಿಕದ ಬೀಜ ವ್ಯಾಪಾರಿಗಳು ಸಂಘ ಕಟ್ಟಿಕೊಂಡು ಈ ಹಂಚಿಕೆ ನಿಲ್ಲಿಸಿ ಅಂತ ದಶಕಗಳ ಕಾಲ ಹಿಂದೆ ಬಿದ್ದರು. 1924ಕ್ಕೆ ಅದು ನಿಂತೇಹೋಯಿತು. ಆದರೆ ಹಂಚಿಕೆ ನಿಂತದ್ದರಿಂದ ಮಾತ್ರ ವ್ಯಾಪಾರಿಯ ತಲೆನೋವು ಹೋಗಲಿಲ್ಲ. ಯಾಕೆಂದರೆ ಬೀಜ ವಿಚಿತ್ರ ಸರಕು. ಒಮ್ಮೆ ಮಾರಿದರೆ ಕೊಂಡವನೇ ಮುಂದಿನ ವರ್ಷ ನಿಮ್ಮ ಪ್ರತಿಸ್ಪರ್ಧಿ. ಸಾಫ್ಟ್‌ವೇರ್ ಕಂಪನಿಗಳಿಗೆ ಸಿಡಿ ಕಾಪಿ ತಂದಿಟ್ಟ ತಲೆನೋವೂ ಇದೇ ಅಲ್ಲವೇ? ಎರಡೂ ಕಡೆ ಹುಡುಕಿದ ಉಪಾಯಗಳೂ ಎರಡೇ: ಒಂದು ಬೀಗ, ಇನ್ನೊಂದು ಲೈಸೆನ್ಸ್.

ಬೀಗ ಅಂದರೆ ಹೈಬ್ರಿಡ್. ಎರಡು ಶುದ್ಧ ತಳಿಗಳನ್ನು ಕೂಡಿಸಿ ತೆಗೆದ ಮೊದಲ ತಲೆಮಾರಿನ ಬೀಜ ಒಂದೇ ಸಮ, ಒಳ್ಳೇ ಹುಲುಸು. ಅದರ ಬೀಜ ಹಿಡಿದು ಬಿತ್ತಿದರೆ ಒಂದೊಂದು ಒಂದೊಂದು ಥರ. ಹಿಡಿಯಬೇಡ ಅಂತ ಯಾರೂ ಹೇಳಬೇಕಿಲ್ಲ, ಗಿಡವೇ ಹೇಳುತ್ತದೆ. ಅಮೆರಿಕದಲ್ಲಿ ಮೆಕ್ಕೆಜೋಳದಿಂದ ಇದು ಶುರುವಾಯಿತು. ಭಾರತದಲ್ಲಿ ತರಕಾರಿಗೆ ತಂದವರಲ್ಲಿ ಮುಂಚೂಣಿಯವರು ನಮ್ಮ ಕರ್ನಾಟಕದ ಮನಮೋಹನ ಅತ್ತಾವರ. 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದರು. 1973ರಲ್ಲಿ ಹೊರಬಂದ ಅವರ ಹೈಬ್ರಿಡ್ ಟೊಮ್ಯಾಟೊದ ಹೆಸರು 'ಕರ್ನಾಟಕ', ದೊಣ್ಣೆ ಮೆಣಸಿನಕಾಯಿಯ ಹೆಸರು 'ಭಾರತ್'.

ಆ ದಾರಿ ನಮ್ಮ ಮನೆ ಬಾಗಿಲಿಗೇ ಬಂತು. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳು ಇವತ್ತು ದೇಶದ ತರಕಾರಿ ಹೈಬ್ರಿಡ್ ಬೀಜೋತ್ಪಾದನೆಯ ದೊಡ್ಡ ಕೇಂದ್ರ. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ, ಬದನೆ. ಊರಲ್ಲಿ ಇದಕ್ಕೆ ಕ್ರಾಸಿಂಗ್ ಅಂತಲೇ ಹೆಸರು. ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ, ಚಿಮಟದಿಂದ ಗಂಡು ಭಾಗ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗ ಮುಟ್ಟಿಸಬೇಕು. ಸೂಕ್ಷ್ಮ ಕೆಲಸ, ಮಾಡುವವರು ಬಹುತೇಕ ಹೆಣ್ಣುಮಕ್ಕಳು. ಅವ್ವ ವರ್ಷಾನುಗಟ್ಟಲೆ ಈ ಕೆಲಸ ಮಾಡಿದಳು. ಪ್ಲಾಟಿನ ಗಂಡು-ಹೆಣ್ಣು ಗಿಡಗಳು ಕಂಪನಿಯವು, ತೆಗೆದ ಬೀಜ ಅಷ್ಟೂ ತೂಕ ಹಾಕಿ ಕಂಪನಿಗೇ ಹೋಗಬೇಕು. ತನ್ನ ಬೆರಳಿನಿಂದಲೇ ಹುಟ್ಟಿಸಿದ ಬೀಜದಲ್ಲಿ ಒಂದು ಚಿಟಿಕೆಯನ್ನೂ ಅವಳು ಮನೆಗೆ ತಂದವಳಲ್ಲ. ಅದೇ ಹೊತ್ತಿಗೆ ಹಿತ್ತಲಲ್ಲಿ ಹರಿವೆ, ಹೀರೆ, ಅವರೆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಟ್ಟು ಓಣಿಗೆಲ್ಲ ಹಂಚುತ್ತಿದ್ದಳು. ಎರಡು ಬೀಜ, ಎರಡು ನಿಯಮ. ಅವಳಿಗೆ ಅದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ನನಗೆ ಇದೆ. ಹೈಬ್ರಿಡ್ ಅಂದರೆ ವಿಷ, ಕಂಪನಿ ಅಂದರೆ ರಾಕ್ಷಸ ಅಂತ ಬರೆಯುವ ಲೇಖನಗಳನ್ನು ಓದುವಾಗ ನನಗೆ ಪೂರ್ತಿ ಹೌದು ಅನ್ನೋಕೆ ಆಗಲ್ಲ. ನನ್ನ ಬಿಇ ಫೀಸು ಕಟ್ಟಿದ್ದು ಆ ಕ್ರಾಸಿಂಗ್ ದುಡ್ಡೇ. ಮಳೆ ನಂಬಿ ಕೂತ ಎರಡು ಎಕರೆ ಹೊಲ ಆ ಕೆಲಸ ಮಾಡುತ್ತಿರಲಿಲ್ಲ. ಆದರೆ ಆ ಚಿಟಿಕೆ ಬೀಜದ ಲೆಕ್ಕವೂ ತಲೆಯಿಂದ ಹೋಗಲ್ಲ.

ಲೆಟ್ಯೂಸ್ ಮಾತ್ರ ಈ ಬೀಗದಿಂದ ತಪ್ಪಿಸಿಕೊಂಡಿತು. ಕಾರಣ ಸಿದ್ಧಾಂತ ಅಲ್ಲ, ಕೂಲಿ ಲೆಕ್ಕ. ಟೊಮ್ಯಾಟೊದ ಒಂದು ಹೂವಿಗೆ ಕ್ರಾಸಿಂಗ್ ಮಾಡಿದರೆ ಒಂದು ಹಣ್ಣು, ನೂರಾರು ಬೀಜ ಸಿಗಬಹುದು. ಲೆಟ್ಯೂಸಿನ ಒಂದು ಪುಟ್ಟ ಹೂವಿಗೆ ಒಂದೇ ಬೀಜ. ಕೊಳವೆಯೊಳಗೆ ತನಗೆ ತಾನೇ ಪರಾಗ ಮೆತ್ತಿಕೊಳ್ಳುವ ಹೂವನ್ನು ಕೈಯಲ್ಲಿ ಕ್ರಾಸ್ ಮಾಡುತ್ತಾ ಕೂತರೆ ಯಾವ ಕಂಪನಿಗೂ ಗಿಟ್ಟಲ್ಲ. ಹಾಗಾಗಿ ಇವತ್ತಿಗೂ ಮಾರುಕಟ್ಟೆಯ ಲೆಟ್ಯೂಸ್ ಹೆಚ್ಚುಕಡಿಮೆ ಎಲ್ಲವೂ ಸಾದಾ ತಳಿ, ಬೀಜ ಹಿಡಿದರೆ ಹಾಗೇ ಬರುತ್ತದೆ. 1894ರಲ್ಲಿ ಬರ್ಪಿ ಕಂಪನಿ ಮಾರಿದ ಐಸ್‌ಬರ್ಗ್ ಕೂಡ ಅಂಥದ್ದೇ. (ಕ್ಯಾಲಿಫೋರ್ನಿಯಾದಿಂದ ರೈಲಿನಲ್ಲಿ ಐಸ್ ತುಂಬಿ ಕಳಿಸುತ್ತಿದ್ದರಿಂದ ಆ ಹೆಸರು ಬಂತು ಅನ್ನೋ ಕಥೆ ಇಂಟರ್‌ನೆಟ್ಟಿನ ತುಂಬ ಇದೆ. ಹೆಸರು ಆ ರೈಲುಗಳಿಗಿಂತ ಹಳೆಯದು.)

ಬೀಗ ಹಾಕಲಾಗದ ಮೇಲೆ ಉಳಿದದ್ದು ಲೈಸೆನ್ಸ್. 1930ರಲ್ಲಿ ಅಮೆರಿಕ ಗಿಡಗಳಿಗೆ ಪೇಟೆಂಟ್ ಕೊಡುವ ಕಾಯ್ದೆ ಮಾಡಿತು. ಆದರೆ ಕಸಿ ಕಟ್ಟುವ, ಕಡ್ಡಿ ನೆಡುವ ಗಿಡಗಳಿಗೆ ಮಾತ್ರ, ಬೀಜದಿಂದ ಬೆಳೆಯುವವಕ್ಕೆ ಇಲ್ಲ. 1970ರಲ್ಲಿ ಬೀಜದ ತಳಿಗಳಿಗೂ ಒಂದು ಹಕ್ಕು ಬಂತು. ಇದರಲ್ಲಿ ಒಂದು ಸ್ವಾರಸ್ಯ ಇದೆ. ಸೂಪ್ ಕಂಪನಿಗಳ ಒತ್ತಾಯದಿಂದ ಟೊಮ್ಯಾಟೊ, ಕ್ಯಾರೆಟ್, ಬೆಂಡೆ, ಸೌತೆ, ಮೆಣಸಿನಕಾಯಿ, ಸೆಲರಿ ಈ ಆರು ತರಕಾರಿಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ಬೀಜ ದುಬಾರಿಯಾದರೆ ಸೂಪೂ ದುಬಾರಿ ಅಲ್ಲವೇ? 1980ರಲ್ಲಿ ಅವನ್ನೂ ಒಳಗೆ ಎಳೆದುಕೊಂಡರು. ಲೆಟ್ಯೂಸಿಗೆ ಆ ಹತ್ತು ವರ್ಷದ ರಿಯಾಯಿತಿಯೂ ಸಿಗಲಿಲ್ಲ. ಅದನ್ನು ಯಾರೂ ಸೂಪಿಗೆ ಹಾಕುತ್ತಿರಲಿಲ್ಲ! ಆದರೂ ಈ ಕಾಯ್ದೆಯಲ್ಲಿ ರೈತ ತನ್ನ ಹೊಲಕ್ಕೆ ಬೀಜ ಹಿಡಿಯಬಹುದಿತ್ತು, ತಳಿಗಾರರು ಆ ತಳಿ ಬಳಸಿ ಹೊಸತು ಮಾಡಬಹುದಿತ್ತು.

ನಿಜವಾದ ತಿರುವು 1980ರದ್ದೇ, ಬೇರೆ ಕಡೆಯಿಂದ ಬಂತು. ಬಂಗಾಳ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಾಡಿದ್ದರು. ಜೀವಿ ಎಂಬ ಕಾರಣಕ್ಕೆ ಪೇಟೆಂಟ್ ನಿರಾಕರಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. 1985ರಲ್ಲಿ ಪೇಟೆಂಟ್ ಆಫೀಸು ಅದನ್ನು ಗಿಡಗಳಿಗೂ ಅನ್ವಯಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿತು. ಯಂತ್ರಕ್ಕೆ ಕೊಡುವಂಥ ಪೂರ್ತಿ ಪೇಟೆಂಟ್ ಇದು. ಬೀಜ ಹಿಡಿಯುವುದೂ ಇಲ್ಲ, ಹೊಸ ತಳಿಗೆ ಬಳಸುವುದೂ ಇಲ್ಲ. ತಳಿಗಷ್ಟೇ ಅಲ್ಲ, ಗುಣಕ್ಕೂ ಪೇಟೆಂಟ್ ಕೇಳಬಹುದು. ಗಿಡಹೇನು ತಡೆಯುವ ಗುಣವನ್ನು ಕಾಡು ಲೆಟ್ಯೂಸಿನಿಂದ ತಂದು ಒಂದು ಡಚ್ ಕಂಪನಿ ಅದರ ಮೇಲೆ ಪೇಟೆಂಟ್ ಪಡೆದಿತ್ತು.

ಇಷ್ಟರಲ್ಲಿ ಎಷ್ಟು ಲೆಟ್ಯೂಸ್ ಕಳೆದುಹೋದವು? 1983ರಲ್ಲಿ ಒಂದು ಸಂಸ್ಥೆ ಲೆಕ್ಕ ಹಾಕಿ, 1903ರ ಕ್ಯಾಟಲಾಗುಗಳಲ್ಲಿದ್ದ 497 ಲೆಟ್ಯೂಸ್‌ಗಳಲ್ಲಿ ಅಮೆರಿಕದ ರಾಷ್ಟ್ರೀಯ ಬೀಜ ಭಂಡಾರದಲ್ಲಿ ಸಿಕ್ಕಿದ್ದು 36 ಮಾತ್ರ ಅಂದಿತು. ಈ ಅಂಕಿ ಈಗ ಎಲ್ಲರ ಸ್ಲೈಡುಗಳಲ್ಲೂ ಇದೆ. ಡೇಟಾ ನೋಡಿ ಅಭ್ಯಾಸ ಇದ್ದವರು ಸ್ವಲ್ಪ ತಡೀಬೇಕು. ಆ 497ರಲ್ಲಿ ಒಂದೇ ತಳಿಗೆ ಹತ್ತು ಅಂಗಡಿಯ ಹತ್ತು ಹೆಸರು ಇದ್ದದ್ದೂ ಉಂಟು. ಮೇಲಾಗಿ ಭಂಡಾರದಲ್ಲಿ ಇಲ್ಲ ಅಂದರೆ ಊರಲ್ಲೇ ಇಲ್ಲ ಅಂತಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2004ರ ಕ್ಯಾಟಲಾಗುಗಳನ್ನು ಎಣಿಸಿದಾಗ ತರಕಾರಿ ತಳಿಗಳ ಒಟ್ಟು ಸಂಖ್ಯೆ 1903ರಷ್ಟೇ, ಏಳು ಸಾವಿರ ಚಿಲ್ಲರೆ. ಹೆಸರುಗಳು ಬಹಳ ಬದಲಾಗಿದ್ದವು, ನಿಜ. ಆದರೆ ಸಂಖ್ಯೆ ಉಳಿದಿತ್ತು. ಅದಕ್ಕೆ ಒಂದು ಕಾರಣ ಹಿತ್ತಲಲ್ಲಿ ಬೀಜ ಹಿಡಿದು ಅಂಚೆಯಲ್ಲಿ ಅದಲುಬದಲು ಮಾಡಿಕೊಂಡ ಸಾಮಾನ್ಯ ಜನ. 1975ರಲ್ಲಿ ಹುಟ್ಟಿದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಅಂಥವರ ಕೂಟ.

ಫ್ರಾಂಕ್ ಮಾರ್ಟನ್ ಇಂಥದ್ದೇ ದಾರಿಯಲ್ಲಿ ಬಂದವರು. ಒರೆಗಾನ್ ರಾಜ್ಯದಲ್ಲಿ ಹೋಟೆಲುಗಳಿಗೆ ಸಲಾಡ್ ಸೊಪ್ಪು ಬೆಳೆದು ಕೊಡುತ್ತಿದ್ದರು. 1980ರ ದಶಕದಲ್ಲಿ ಒಂದು ದಿನ ಹಸಿರು ಲೆಟ್ಯೂಸ್ ಸಸಿಗಳ ನಡುವೆ ಒಂದು ಕೆಂಪು ಸಸಿ ಕಾಣಿಸಿತು. ನಾನು ಮೇಲೆ ಹೇಳಿದೆನಲ್ಲ, ನೂರಕ್ಕೆ ಒಂದೆರಡು ಬೆರಕೆ, ಅದು ಅವರ ಟ್ರೇನಲ್ಲೇ ಆಗಿತ್ತು. ಅದರ ಬೀಜ ಹಿಡಿದು ಬಿತ್ತಿದಾಗ ಒಂದೊಂದು ಗಿಡ ಒಂದೊಂದು ರೂಪ. ಅಲ್ಲಿಂದ ಅವರು ತಳಿಗಾರರಾದರು. ಅವರ ಕಡುಗೆಂಪು ತಳಿ 'ಔಟ್‌ರೆಡ್ಜಸ್' ಅನ್ನು 2015ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಳೆದು ಗಗನಯಾತ್ರಿಗಳು ಅಲ್ಲೇ ತಿಂದರು. ಹಿತ್ತಲ ಬೀಜದ ವಂಶ ಎಲ್ಲಿಗೆ ಹೋಯಿತು ನೋಡಿ. ಆದರೆ ಬೇರೆಯವರು ಲೆಟ್ಯೂಸಿನ ಒಂದೊಂದೇ ಗುಣಕ್ಕೆ ಪೇಟೆಂಟ್ ಹಾಕುತ್ತಾ ಹೋದರೆ ಇಂಥವರು ಮುಂದೆ ಕೆಲಸ ಮಾಡುವುದಾದರೂ ಹೇಗೆ?

ಇಲ್ಲಿ ನಮ್ಮ ಕಸುಬು ಕಥೆಯೊಳಗೆ ಬರುತ್ತದೆ. 1999ರಲ್ಲಿ ಟಾಮ್ ಮೈಕೆಲ್ಸ್ ಎಂಬ ಬೀನ್ಸ್ ತಳಿಗಾರ ಒಂದು ಸಲಹೆ ಬರೆದರು: ಲಿನಕ್ಸ್‌ಗೆ ಜಿಪಿಎಲ್ ಇದ್ದ ಹಾಗೆ ಬೀಜಕ್ಕೂ ಒಂದು ಜನರಲ್ ಪಬ್ಲಿಕ್ ಲೈಸೆನ್ಸ್ ಯಾಕಿರಬಾರದು? 2002ರಲ್ಲಿ ನಮ್ಮವರೇ ಆದ ಕೆ. ರವಿ ಶ್ರೀನಿವಾಸ್ ದೆಹಲಿಯ ಸರಾಯ್ ರೀಡರ್‌ನಲ್ಲಿ 'ಬಯೋಲಿನಕ್ಸ್' ಅಂತ ಹೆಸರಿಟ್ಟು ಇದೇ ವಾದ ಮಾಡಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾಕ್ ಕ್ಲೋಪನ್‌ಬರ್ಗ್, ಇರ್ವಿನ್ ಗೋಲ್ಡ್‌ಮನ್, ಅವರ ಜೊತೆ ಮಾರ್ಟನ್ ಮುಂತಾದ ತಳಿಗಾರರು ಸೇರಿ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್ ಕಟ್ಟಿದರು. 2014ರ ಏಪ್ರಿಲ್‌ನಲ್ಲಿ 14 ಬೆಳೆಗಳ 36 ತಳಿಗಳನ್ನು ಮುಕ್ತ ಅಂತ ಸಾರಿ ಬಿಡುಗಡೆ ಮಾಡಿದರು.

ಮೊದಲು ಅವರು ಕೋರ್ಟಿನಲ್ಲಿ ನಿಲ್ಲುವಂಥ ಲೈಸೆನ್ಸ್ ಬರೆಯಲು ಹೊರಟಿದ್ದರು. ವಕೀಲರು ಬರೆದುಕೊಟ್ಟದ್ದು ಬೀಜದ ಪೊಟ್ಟಣದ ಮೇಲೆ ಹಿಡಿಸದಷ್ಟು ಉದ್ದ ಆಯಿತು. ಓದದೇ 'ಐ ಅಗ್ರೀ' ಒತ್ತೋಕೆ ಪೊಟ್ಟಣದಲ್ಲಿ ಬಟನ್ ಬೇರೆ ಇಲ್ಲ. ಕೊನೆಗೆ ಅದನ್ನು ಬಿಟ್ಟು ಒಂದು ಪ್ರತಿಜ್ಞೆಗೆ ಇಳಿದರು. ಅದರ ಸಾರ ಇಷ್ಟು: ಈ ಬೀಜವನ್ನು ನೀವು ಹೇಗೆ ಬೇಕಾದರೂ ಬಳಸಬಹುದು, ಆದರೆ ಇದನ್ನಾಗಲಿ ಇದರಿಂದ ಹುಟ್ಟಿದ್ದನ್ನಾಗಲಿ ಬೇರೆಯವರಿಗೆ ಪೇಟೆಂಟ್ ಅಥವಾ ಇನ್ನಾವುದರಿಂದಲೂ ತಡೆಯಬಾರದು, ಯಾರಿಗೆ ಕೊಟ್ಟರೂ ಈ ಮಾತನ್ನೂ ಜೊತೆಗೆ ಕೊಡಬೇಕು. ಕಾನೂನಿನ ಹಲ್ಲು ಇದಕ್ಕೆ ಅಷ್ಟಾಗಿ ಇಲ್ಲ. ಮುಲಾಜು ಇದೆ. ಫೋನಿನಲ್ಲಿ ಅವ್ವನಿಗೆ ಇದನ್ನು ನಮ್ಮ ಮಾತಿನಲ್ಲಿ ಓದಿ ಹೇಳಿದೆ. "ಹಂಗ ಕೊಡೂದ್ರಾಗ ಬರಕೊಡೂದೇನೈತಿ?" ಅಂದಳು. ಆಮೇಲೆ ಸ್ವಲ್ಪ ತಡೆದು, "ಬರದ್ರ ಛಲೋನ ಬಿಡು. ನಾಳೆ ಯಾರಾರ ನಂದು ಅಂದ್ರ ತೋರಿಸಾಕ ಬರತೈತಿ" ಅಂತಲೂ ಸೇರಿಸಿದಳು.

ನಾಳೆ ಯಾರಾದರೂ ನಂದು ಅಂದರೆ ಅನ್ನುವ ಭಯ ಕರ್ನಾಟಕಕ್ಕೆ ಹೊಸತಲ್ಲ. 1992ರ ಡಿಸೆಂಬರ್ 29ರಂದು ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟರು. ಮರುವರ್ಷ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಬೀಜ ಘಟಕದ ಮೇಲೆ ದಾಳಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದನ್ನು ಬೀಜ ಸತ್ಯಾಗ್ರಹ ಅಂದರು. ಗುರಿ ಡಂಕೆಲ್ ಪ್ರಸ್ತಾವ, ಅಂದರೆ ಬೀಜವನ್ನು ಬೌದ್ಧಿಕ ಆಸ್ತಿಯ ಒಪ್ಪಂದದೊಳಗೆ ತರುವ ಮಾತುಕತೆ. ಕಚೇರಿ ಸುಡುವುದು ನನಗೆ ಒಪ್ಪಿಗೆಯಾಗುವ ದಾರಿ ಅಲ್ಲ. ಆದರೂ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ 2001ರಲ್ಲಿ ಮಾಡಿಕೊಂಡ ಕಾಯ್ದೆಯ ಹೆಸರಲ್ಲೇ ತಳಿ ಸಂರಕ್ಷಣೆಯ ಜೊತೆ 'ರೈತರ ಹಕ್ಕು' ಅಂತ ಸೇರಿದ್ದರಲ್ಲಿ ಆ ಕಾಲದ ಹೋರಾಟಗಳ ಪಾಲಿದೆ ಅಂತ ನನ್ನ ಎಣಿಕೆ.

ಆ ಕಾಯ್ದೆಯ 39ನೇ ಸೆಕ್ಷನ್ ಓದುವಂಥದ್ದು. ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಳಸಬಹುದು, ಬಿತ್ತಬಹುದು, ಮರುಬಿತ್ತನೆ ಮಾಡಬಹುದು, ಅದಲುಬದಲು ಮಾಡಬಹುದು, ಹಂಚಬಹುದು, ಮಾರಲೂಬಹುದು. ಅದು ನೋಂದಾಯಿತ ತಳಿಯಾದರೂ ಸರಿ. ಬ್ರ್ಯಾಂಡ್ ಹೆಸರಿನ ಪೊಟ್ಟಣದಲ್ಲಿ ಹಾಕಿ ಮಾರುವಂತಿಲ್ಲ, ಅಷ್ಟೇ. ಅಮೆರಿಕದ ಪೇಟೆಂಟಿಗೆ ಹೋಲಿಸಿದರೆ ಇದು ಎಷ್ಟೋ ಉದಾರ. ಆದರೂ ಕಾಗದದಲ್ಲಿ ಇದ್ದ ಮಾತ್ರಕ್ಕೆ ಆಗಲ್ಲ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗಡ್ಡೆ ತಳಿ ಬೆಳೆದರು ಅಂತ ಗುಜರಾತಿನ ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟು ಪರಿಹಾರ ಕೇಳಿ ದಾವೆ ಹೂಡಿತು. ದೇಶದ ತುಂಬ ಗದ್ದಲ ಎದ್ದ ಮೇಲೆ ಮೇ ತಿಂಗಳಲ್ಲಿ ಹಿಂದೆ ತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು 2021ರಲ್ಲಿ ಪ್ರಾಧಿಕಾರ ರದ್ದು ಮಾಡಿತು, 2024ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಮತ್ತೆ ಊರ್ಜಿತ ಮಾಡಿತು.

ಬಾಲ್ಕನಿಯಲ್ಲಿ ಆರು ಕುಂಡ ಇಟ್ಟ ಸಾಫ್ಟ್‌ವೇರಿನವನು ಈ ಕಾಯ್ದೆಯಲ್ಲಿ ರೈತನಾ? ಭೂಮಿ ಉತ್ತು ಬೆಳೆಯುವವನು, ಮುಂದೆ ನಿಂತು ಬೆಳೆಸುವವನು ಅಂತ ಮೊದಲೆರಡು ವ್ಯಾಖ್ಯೆ. ಕುಂಡದ ಮಣ್ಣು ಭೂಮಿ ಹೌದೋ ಅಲ್ಲವೋ ಅಂತ ವಕೀಲರು ಜಗಳ ಆಡಲಿ. ಮೂರನೆಯದು ನನಗೆ ಇಷ್ಟ: ಕಾಡು ಪ್ರಭೇದಗಳನ್ನೋ ಸಾಂಪ್ರದಾಯಿಕ ತಳಿಗಳನ್ನೋ ಒಬ್ಬರೇ ಆಗಲಿ, ನಾಲ್ಕು ಜನ ಸೇರಿ ಆಗಲಿ ಉಳಿಸಿಕೊಂಡು ಬರುವವರೂ ರೈತರೇ. ಹಾಗೆ ನೋಡಿದರೆ ಅವ್ವನ ಹರಿವೆ ಡಬ್ಬಿ ಅವಳನ್ನು ಎರಡೆರಡು ಸಲ ರೈತಳನ್ನಾಗಿಸುತ್ತದೆ.

ನನ್ನ ಲೆಟ್ಯೂಸ್ ಈಗ ಆರನೇ ತಲೆಮಾರಿನಲ್ಲಿದೆ. ಅವ್ವ ಹೇಳಿದ ಹಾಗೆ ಪ್ರತಿ ಸಲ ಕೊನೆಗೆ ದಂಟು ಎಬ್ಬಿಸಿದ ಗಿಡಕ್ಕೇ ಬೀಜ ಬಿಡುತ್ತಾ ಬಂದಿದ್ದೇನೆ. ಆಫೀಸಿನ ಗೆಳೆಯರಿಗೆ ಹಳೆಯ ಸಂಬಳದ ಲಕೋಟೆಯಷ್ಟು ಚಿಕ್ಕ ಕಾಗದದ ಪೊಟ್ಟಣದಲ್ಲಿ ಕೊಡುತ್ತೇನೆ. ಹಿಂದೆ ತಳಿಯ ಹೆಸರು, ಹಿಡಿದ ತಿಂಗಳು, ಕೆಳಗೆ ಕನ್ನಡದಲ್ಲಿ ಒಂದು ಸಾಲು: ಹಿಡಿ, ಬಿತ್ತು, ಕೊಡು, ನಂದು ಅನ್ನಬೇಡ. ತಂಪಾದ ಒಣ ಜಾಗದಲ್ಲಿಟ್ಟರೆ ಮೂರರಿಂದ ಐದು ವರ್ಷ ಬಾಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಿತ್ತಿದರೆ ಮೊಳೆಯಲ್ಲ, 30 ಡಿಗ್ರಿ ದಾಟಿತೆಂದರೆ ಈ ಬೀಜ ನಿದ್ದೆ ಹೋಗುತ್ತದೆ. ತೀರಾ ಅವಸರ ಇದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬಿತ್ತಿ. ಇಲ್ಲವಾದರೆ ಜೂನ್‌ನಲ್ಲಿ ಮಳೆ ಹಿಡಿಯುವ ತನಕ ಕಾಯಿರಿ. ನನ್ನ ಹತ್ತಿರ ಇನ್ನೂ ಅರ್ಧ ಡಬ್ಬಿ ಇದೆ.